ಕಾರಿನ ಜೊತೆ ಬಂದ ಕಡತ

ನನ್ನ ಕಾರಿಗೆ ನಾನು ನಾಲ್ಕನೆಯ ಮಾಲೀಕ. ಅದು 1992ರಲ್ಲಿ ತಯಾರಾದ, ಜಪಾನಿನ ಮಾಜ್ಡಾ ಕಂಪನಿಯ ಮೊದಲ ತಲೆಮಾರಿನ ಎಂಎಕ್ಸ್-5: ಎರಡೇ ಸೀಟು, ಹಿಂದಕ್ಕೆ ಮಡಚಬಹುದಾದ ಬಟ್ಟೆಯ ಛಾವಣಿ, 1.6 ಲೀಟರಿನ ಪೆಟ್ರೋಲ್ ಎಂಜಿನ್, ಬಿಸಿಲಿಗೆ ಅಲ್ಲಲ್ಲಿ ಮಾಸಿದ ಕೆಂಪು ಬಣ್ಣ. ಕೊಂಡ ದಿನ ಕೀಲಿಕೈಯ ಜೊತೆಗೆ ನನ್ನ ಕೈಸೇರಿದ್ದು ದಾರ ಸುತ್ತಿದ ಒಂದು ದಪ್ಪ ಕಡತ. ಗ್ಯಾರೇಜಿನ ಬಿಲ್ಲುಗಳು, ಬಿಡಿಭಾಗಗಳ ಪೆಟ್ಟಿಗೆಗಳಿಂದ ಕತ್ತರಿಸಿಟ್ಟ ಲೇಬಲ್ಲುಗಳು, ಆಯಿಲ್ ಬದಲಿಸಿದ ದಿನಾಂಕ ಮತ್ತು ಕಿಲೋಮೀಟರುಗಳನ್ನು ಪೆನ್ಸಿಲಿನಲ್ಲಿ ಬರೆದ ಹಾಳೆಗಳು ಅದರಲ್ಲಿದ್ದವು. ಆ ಕಡತವನ್ನು ಅದಕ್ಕೂ ಮೊದಲೇ ಓದಿ ಮುಗಿಸಿ, ಆಮೇಲೆಯೇ ನಾನು ಕಾರಿನ ಬೆಲೆಯ ಮಾತೆತ್ತಿದ್ದೆ. ಮೂವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳುವವರು ಕೊಳ್ಳುವುದು ಅದರ ವೇಗವನ್ನಲ್ಲ, ಅದನ್ನು ಹಿಂದೆ ಇಟ್ಟುಕೊಂಡಿದ್ದವರ ಅಭ್ಯಾಸಗಳನ್ನು ಎಂದು ಆ ಹೊತ್ತಿಗೆ ನನಗೆ ಚೆನ್ನಾಗಿ ಮನವರಿಕೆಯಾಗಿತ್ತು. ಅದು ಮನವರಿಕೆಯಾದದ್ದು ಬೇರೊಂದು ಕಾರನ್ನು ನೋಡಿ ಬಂದ ಮೇಲೆ.

ಆ ವಿಷಯಕ್ಕೆ ಬರುವ ಮುನ್ನ ಈ ಮಾದರಿಯನ್ನೇ ಏಕೆ ಹುಡುಕಿದೆನೆಂದು ಹೇಳಬೇಕು. ಹಗುರವಾದ, ತೆರೆದ ಛಾವಣಿಯ, ಮುಂದೆ ಎಂಜಿನ್ನಿದ್ದು ಹಿಂದಿನ ಚಕ್ರಗಳಿಂದ ಓಡುವ ಎರಡು ಸೀಟಿನ ಕಾರುಗಳು 1960ರ ದಶಕದಲ್ಲಿ ಧಾರಾಳವಾಗಿದ್ದವು. 1980ರಲ್ಲಿ ಬ್ರಿಟನ್ನಿನ ಅಂಥದೇ ಕಾರಾದ ಎಂಜಿಬಿಯ ತಯಾರಿಕೆ ನಿಲ್ಲುವ ಹೊತ್ತಿಗೆ ಆ ಬಗೆಯ ಕಾರುಗಳು ಬಹುಮಟ್ಟಿಗೆ ಮರೆಯಾಗಿದ್ದವು. ಅಂಥದೊಂದು ಕಾರನ್ನು ಮತ್ತೆ ಮಾಡಬೇಕೆಂಬ ಮಾತನ್ನು ಅಮೆರಿಕದ ವಾಹನ ಪತ್ರಕರ್ತ ಬಾಬ್ ಹಾಲ್ ಅವರು ಮಾಜ್ಡಾದ ಹಿರಿಯ ಎಂಜಿನಿಯರ್ ಕೆನಿಚಿ ಯಮಮೊಟೊ ಅವರ ಮುಂದಿಟ್ಟದ್ದು 1979ರಲ್ಲಿ. ಮುಂದೆ ಹಾಲ್ ಅದೇ ಕಂಪನಿಯನ್ನು ಸೇರಿದರು. ಎಂಜಿನಿಯರ್ ತೊಶಿಹಿಕೊ ಹಿರಾಯ್ ಅವರ ಮುಂದಾಳತ್ವದಲ್ಲಿ ಕಾರು ರೂಪುಗೊಂಡು 1989ರ ಫೆಬ್ರುವರಿಯಲ್ಲಿ ಷಿಕಾಗೊ ವಾಹನ ಪ್ರದರ್ಶನದಲ್ಲಿ ಜನರ ಮುಂದೆ ಬಂತು. ಅಮೆರಿಕದಲ್ಲಿ ಅದಕ್ಕೆ ಮಿಯಾಟಾ ಎಂದು ಹೆಸರು, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದು. ಸವಾರನೂ ಕುದುರೆಯೂ ಒಂದೇ ದೇಹವಾಗುವುದು ಎಂಬರ್ಥದ 'ಜಿನ್‌ಬಾ ಇತ್ತಾಯ್' ಎಂಬ ಜಪಾನೀ ಮಾತನ್ನು ಅದರ ತಯಾರಕರು ತಮ್ಮ ಗುರಿಯೆಂದು ಇಟ್ಟುಕೊಂಡಿದ್ದರು. ಜಾಹೀರಾತಿನ ಮಾತುಗಳನ್ನು ನಾನು ಸುಲಭವಾಗಿ ನಂಬುವವನಲ್ಲ. ಆದರೆ ಈ ಮಾತಿನ ಹಿಂದೆ ಎಂಜಿನಿಯರಿಂಗಿನ ದುಡಿಮೆಯಿದೆ ಎಂಬುದನ್ನು ಕಾರಿನ ಕೆಳಗೆ ಮಲಗಿ ಕಣ್ಣಾರೆ ಕಂಡಿದ್ದೇನೆ. ಗೇರ್‌ಬಾಕ್ಸನ್ನೂ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲನ್ನೂ ಒಂದೇ ಬೆನ್ನುಮೂಳೆಯಂತೆ ಬಿಗಿದು ಹಿಡಿಯುವ ಅಲ್ಯೂಮಿನಿಯಮ್ಮಿನ ಉದ್ದನೆಯ ಚೌಕಟ್ಟು ಅಲ್ಲಿದೆ. ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿಯೇ ಹಿಂದಿನ ಚಕ್ರಗಳು ಉತ್ತರ ಕೊಡುವುದು, ನಡುವೆ ಒಂದಿಷ್ಟೂ ಸಡಿಲವೆನಿಸದಿರುವುದು ಬಹುಪಾಲು ಆ ಚೌಕಟ್ಟಿನಿಂದ.

ಅಂಕಿಗಳ ಮೇಲೆ ನೋಡಿದರೆ ಇದು ಸಾಧಾರಣ ಕಾರು. 1598 ಸಿಸಿಯ, ನಾಲ್ಕು ಸಿಲಿಂಡರು ಮತ್ತು ಹದಿನಾರು ವಾಲ್ವುಗಳ ಎಂಜಿನ್ ಸುಮಾರು 115 ಅಶ್ವಶಕ್ತಿ ಕೊಡುತ್ತದೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಸುಮಾರು 9 ಸೆಕೆಂಡು ಬೇಕು. ಇಂದಿನ ಎಷ್ಟೋ ಕುಟುಂಬದ ಕಾರುಗಳು ಇದನ್ನು ಹಿಂದೆ ಹಾಕುತ್ತವೆ. ಆದರೆ ಇದರ ತೂಕ ಒಂದು ಟನ್ನಿಗಿಂತ ಕಡಿಮೆ, ಮತ್ತು ಆ ತೂಕ ಮುಂದಿನ ಹಾಗೂ ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿದೆ. ಹಳೆಯ ಸ್ಪೋರ್ಟ್ಸ್ ಕಾರನ್ನು ಮೊದಲ ಬಾರಿಗೆ ಕೊಳ್ಳುವವರಿಗೆ ಇದನ್ನೇ ನಾನು ಹೇಳಲು ಇನ್ನೊಂದು ಕಾರಣವೂ ಇದೆ: ಈ ಕಾರುಗಳು ಬಹಳ ಸಂಖ್ಯೆಯಲ್ಲಿ ತಯಾರಾಗಿವೆ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರೆಂದು 2000ದಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಈ ಹೆಸರಿನ ಕಾರುಗಳ ಸಂಖ್ಯೆ 2016ರಲ್ಲಿ ಹತ್ತು ಲಕ್ಷವನ್ನು ಮುಟ್ಟಿತು. ಅಷ್ಟು ಕಾರುಗಳಿದ್ದರೆ ಬಿಡಿಭಾಗಗಳು ಸಿಗುತ್ತವೆ, ರಿಪೇರಿ ಬಲ್ಲವರು ಇರುತ್ತಾರೆ, ಯಾವ ವಯಸ್ಸಿನಲ್ಲಿ ಯಾವ ಭಾಗ ಸವೆಯುತ್ತದೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಅಪರೂಪದ ಕಾರು ನೋಡಲು ಚೆಂದ. ಅದರ ಒಂದು ರಬ್ಬರ್ ಸೀಲಿಗಾಗಿ ತಿಂಗಳುಗಟ್ಟಲೆ ಕಾಯುವುದು ಚೆಂದವಲ್ಲ.

ನಾನು ಮೊದಲು ನೋಡಲು ಹೋದದ್ದು 1990ರ ಕಾರು. ಫೋಟೊಗಳಲ್ಲಿ ಅದು ಹೊಸದರಂತೆ ಹೊಳೆಯುತ್ತಿತ್ತು. ಎಮ್ಮೆ ಇನ್ನೂ ಕೆರೆಯ ನೀರಿನಲ್ಲಿರುವಾಗಲೇ ಬೆಲೆ ಮಾತಾಡಿದಂತೆ ನಾನು ಆ ಫೋಟೊಗಳನ್ನು ನೋಡಿಯೇ ಮನಸ್ಸಿನಲ್ಲಿ ಅರ್ಧ ವ್ಯಾಪಾರ ಮುಗಿಸಿದ್ದೆ. ಹೋಗಿ ನೋಡಿದಾಗ ಬಣ್ಣ ನಿಜಕ್ಕೂ ಸೊಗಸಾಗಿತ್ತು, ಸೀಟುಗಳಿಗೆ ಹೊಸ ಚರ್ಮ ಹೊಲಿಸಿದ್ದರು, ದೊಡ್ಡ ಚಕ್ರಗಳನ್ನು ತೊಡಿಸಿದ್ದರು. ಮಾಡಿಸಿದ ಕೆಲಸಗಳ ದಾಖಲೆಯನ್ನು ಕೇಳಿದಾಗ ಮಾತ್ರ ಮಾರುವವರು ಒಂದು ಹಾಳೆಯನ್ನೂ ತೋರಿಸಲಾರದೆ ಹೋದರು.

ಮೃದುವಾದ ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವೊಂದನ್ನು ನಾನು ಜೊತೆಗೆ ಒಯ್ದಿದ್ದೆ. ಅದು ಬಾನೆಟ್ಟಿಗೆ ಹಿಡಿಯಲಿಲ್ಲ. ಅದರಿಂದ ಗಾಬರಿಯಾಗಬೇಕಿಲ್ಲ, ಈ ಕಾರಿನ ಬಾನೆಟ್ ಅಲ್ಯೂಮಿನಿಯಮ್ಮಿನದು. ಆದರೆ ಬಾಗಿಲಿನ ಕೆಳಗಿನ ಉದ್ದನೆಯ ಪಟ್ಟಿ ಹಿಂದಿನ ಚಕ್ರವನ್ನು ಸಮೀಪಿಸುವ ಜಾಗದಲ್ಲಿಯೂ ಅದು ಹಿಡಿಯದೆ ಜಾರಿತು. ಅಲ್ಲಿ ಉಕ್ಕು ಇರಬೇಕು. ಇದ್ದದ್ದು ಪುಟ್ಟಿ, ಅದರ ಮೇಲೆ ನುಣ್ಣಗಿನ ಹೊಸ ಬಣ್ಣ. ಮೇಲೆಲ್ಲ ಥಳುಕು ಒಳಗೆಲ್ಲ ಹುಳುಕು ಎಂಬ ಗಾದೆಯನ್ನು ಎಷ್ಟು ಸಲ ಕೇಳಿದ್ದೆನೋ, ಅದನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದ್ದು ಅದೇ ಮೊದಲು. ಟಾರ್ಚ್ ಹಾಕಿ ಎಂಜಿನ್ನಿನ ಮುಂದಿನ ಕೆಳಭಾಗವನ್ನೂ ನೋಡಿದೆ. ಈ ಮಾದರಿಯ ಮೊದಲ ವರ್ಷಗಳ ಎಂಜಿನ್ನುಗಳಲ್ಲಿ ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್ ಶಾಫ್ಟಿನ ಮೂತಿ, ಅಂದರೆ ಮುಂದಿನ ತುದಿ, ಗಿಡ್ಡವಾಗಿತ್ತು. ವಾಲ್ವುಗಳನ್ನು ಪಿಸ್ಟನ್ನುಗಳ ಲಯಕ್ಕೆ ತಕ್ಕಂತೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬದಲಿಸುವಾಗ ಅಲ್ಲಿನ ದೊಡ್ಡ ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೆ ಪುಲಿ ಅಲುಗಾಡುತ್ತ, ಅದನ್ನು ಹಿಡಿದಿಡುವ ಸಣ್ಣ ಲೋಹದ ಚಾವಿಯೂ ಅದು ಕೂರುವ ತೋಡೂ ಸವೆದು, ಕೊನೆಗೆ ಕ್ರ್ಯಾಂಕ್ ಶಾಫ್ಟೇ ಕೆಡುವ ಸಾಧ್ಯತೆ ಇರುತ್ತದೆ. 1991ರ ನಡುವಿನಿಂದ ಆ ಮೂತಿಯನ್ನು ಉದ್ದಮಾಡಿದರು. ಪುಲಿಯ ನಡುವಿನ ಭಾಗದಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಇಲ್ಲಿದ್ದದ್ದು ನಾಲ್ಕು. ಅದೊಂದೇ ಆಗಿದ್ದರೆ ನಾನು ಹಿಂದೆ ಸರಿಯುತ್ತಿರಲಿಲ್ಲ, ಏಕೆಂದರೆ ಸರಿಯಾಗಿ ನೋಡಿಕೊಂಡ ಗಿಡ್ಡ ಮೂತಿಯ ಎಂಜಿನ್ನುಗಳು ಇಂದಿಗೂ ಚೆನ್ನಾಗಿ ಓಡುತ್ತಿವೆ. ಆದರೆ ಬೆಲ್ಟನ್ನು ಯಾವಾಗ, ಯಾರು ಬದಲಿಸಿದರು ಎಂದು ಹೇಳುವವರೇ ಇಲ್ಲದ ಕಾರಿನಲ್ಲಿ ಆ ಬೋಲ್ಟನ್ನು ನಂಬುವುದಾದರೂ ಹೇಗೆ? ಸೀಟಿನ ಚರ್ಮಕ್ಕೆ ಹಣ ಹಾಕಿ, ಕಾಣದ ಬೋಲ್ಟನ್ನು ಮರೆತ ಅಭ್ಯಾಸವೊಂದು ಆ ಕಾರಿನ ತುಂಬ ಇತ್ತು. ನಾನು ಕೈಮುಗಿದು ಹೊರಟುಬಂದೆ.

ತುಕ್ಕಿನ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಕಾರುಗಳನ್ನು ಕೊಲ್ಲುವುದು ಎಂಜಿನ್ನಿನ ದೋಷವಲ್ಲ, ತುಕ್ಕು. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಹಿಂಬದಿಗೆ ಹರಿದು, ಸೀಟುಗಳ ಹಿಂದೆ ಎರಡೂ ಮೂಲೆಗಳಲ್ಲಿರುವ ತೂಬುಗಳ ಮೂಲಕ ಇಳಿದು, ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಬೀಳಬೇಕು. ಎಲೆ, ಧೂಳು, ಹೂವಿನ ಎಸಳು ಸೇರಿ ಆ ತೂಬು ಕಟ್ಟಿಕೊಂಡರೆ ನೀರು ಬೇರೆ ದಾರಿ ಹುಡುಕುತ್ತದೆ. ಕಾರ್ಪೆಟ್ಟಿನ ಕೆಳಗೂ, ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿಯೊಳಗೂ ಸೇರಿ ಅಲ್ಲಿಯೇ ನಿಲ್ಲುತ್ತದೆ. ಆ ಟೊಳ್ಳಿನೊಳಗೆ ಬೆಳಕಿಲ್ಲ, ಗಾಳಿಯಿಲ್ಲ, ಒಣಗಲು ಅವಕಾಶವಿಲ್ಲ. ಉಕ್ಕು ಒಳಗಿನಿಂದ ಹೊರಕ್ಕೆ ಕರಗುತ್ತ ಬರುತ್ತದೆ, ಮತ್ತು ಹೊರಗೆ ಬಣ್ಣದ ಮೇಲೆ ಸಣ್ಣ ಗುಳ್ಳೆಯೊಂದು ಕಾಣಿಸುವ ಹೊತ್ತಿಗೆ ಒಳಗೆ ಬಹಳಷ್ಟು ಹೋಗಿರುತ್ತದೆ. ಕಾರಿನ ಗಟ್ಟಿತನ ನಿಂತಿರುವುದೇ ಆ ಪಟ್ಟಿಗಳ ಮೇಲೆ. ಲೋಹದ ಛಾವಣಿಯಿಲ್ಲದ ಕಾರಿನಲ್ಲಂತೂ ಅವು ಮನೆಯ ತೊಲೆಗಳಿದ್ದಂತೆ. ಆದುದರಿಂದ ಎಂಜಿನ್ನಿನ ಸದ್ದು ಕೇಳುವ ಮೊದಲು ಮೊಣಕಾಲೂರಿ ಆ ಪಟ್ಟಿಗಳನ್ನು ನೋಡಬೇಕು. ಎಂಜಿನ್ನನ್ನು ಇಳಿಸಿ ಬೇರೆಯದನ್ನು ಕೂರಿಸಬಹುದು. ಕೊಳೆತ ಒಡಲನ್ನು ಕತ್ತರಿಸಿ ಬೆಸುಗೆ ಹಾಕುವುದು ಅದಕ್ಕಿಂತ ದೊಡ್ಡ ಕೆಲಸ, ಮತ್ತು ಅದನ್ನು ಅಚ್ಚುಕಟ್ಟಾಗಿ ಮಾಡಬಲ್ಲವರು ಕಡಿಮೆ.

ಎರಡನೆಯ ಕಾರಿನ ಮಾಲೀಕರು ವಯಸ್ಸಾದವರು. ಮಂಡಿನೋವಿನಿಂದಾಗಿ ಅಷ್ಟು ತಗ್ಗಿನ ಸೀಟಿಗೆ ಇಳಿದು ಏಳುವುದು ಆಗದೆ ಮಾರುತ್ತಿದ್ದರು. ನಾನು ಬರುವವರೆಗೆ ಎಂಜಿನ್ ಶುರು ಮಾಡಬೇಡಿ ಎಂದು ಮೊದಲೇ ವಿನಂತಿಸಿದ್ದೆ. "ನೀವು ಕೇಳದಿದ್ದರೂ ನಾನು ಶುರು ಮಾಡುತ್ತಿರಲಿಲ್ಲ. ಬಿಸಿಯಾದ ಎಂಜಿನ್ ಎಷ್ಟೋ ವಿಷಯ ಮುಚ್ಚಿಡುತ್ತದೆ" ಎಂದರು. ಹಾಗೆ ಹೇಳುವವರ ಕಾರನ್ನು ಅರ್ಧ ನಂಬಬಹುದು. ತಣ್ಣಗಿದ್ದ ಎಂಜಿನ್ ಮೊದಲ ಯತ್ನಕ್ಕೇ ಹೊತ್ತಿತು; ಮೇಲ್ಭಾಗದಿಂದ ಟಿಕ್ ಟಿಕ್ ಎಂಬ ಸದ್ದು ಒಂದೆರಡು ನಿಮಿಷ ಬಂದು, ಆಯಿಲ್ ಎಲ್ಲ ಕಡೆ ಏರಿದ ಮೇಲೆ ನಿಂತಿತು. ವಾಲ್ವುಗಳ ಸಡಿಲವನ್ನು ಆಯಿಲಿನ ಒತ್ತಡದಿಂದ ತಾವೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರುಗಳ ಸದ್ದದು, ಈ ಎಂಜಿನ್ನುಗಳಲ್ಲಿ ಸಾಮಾನ್ಯ. ಬಿಸಿಯಾದ ಮೇಲೂ ಅದು ನಿಲ್ಲದಿದ್ದರೆ ಆಯಿಲನ್ನು ಕಾಲಕಾಲಕ್ಕೆ ಬದಲಿಸಿಲ್ಲವೆಂದು ಸಂಶಯಪಡಬೇಕು. ನೀಲಿ ಹೊಗೆ ಬರಲಿಲ್ಲ. ಆಯಿಲ್ ಒತ್ತಡದ ಮುಳ್ಳು ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಳಿಯಿತು. ನಂತರದ ವರ್ಷಗಳ ಕಾರುಗಳಲ್ಲಿ ಆ ಮುಳ್ಳು ಒತ್ತಡ ಇದೆ ಅಥವಾ ಇಲ್ಲ ಎಂಬಷ್ಟನ್ನು ಮಾತ್ರ ಹೇಳಿ ನಡುವೆಯೇ ನಿಂತುಬಿಡುತ್ತದೆ. ಹಳೆಯದರಲ್ಲಿ ಅದು ನಿಜವನ್ನೇ ತೋರಿಸುತ್ತದೆ.

ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಭಾಗ ಕಪ್ಪಾಗಿಯೇ ಇತ್ತು. ಶಾಖಕ್ಕೆ ವರ್ಷಾನುಗಟ್ಟಲೆ ಬೆಂದ ಆ ಪ್ಲಾಸ್ಟಿಕ್ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದರೆ ಅದು ಸದ್ಯದಲ್ಲೇ ಸೀಳುತ್ತದೆ ಎಂದರ್ಥ. ಕಡತದಲ್ಲಿ ಹುಡುಕಿದಾಗ ನಾಲ್ಕು ವರ್ಷದ ಹಿಂದೆ ಹೊಸ ರೇಡಿಯೇಟರ್ ಹಾಕಿಸಿದ ಬಿಲ್ಲು ಸಿಕ್ಕಿತು. ಪುಲಿಯಲ್ಲಿ ಎಂಟು ಸೀಳುಗಳಿದ್ದವು. ಅಯಸ್ಕಾಂತ ಬಾನೆಟ್ಟನ್ನು ಬಿಟ್ಟು ಎಲ್ಲೆಡೆ ಗಟ್ಟಿಯಾಗಿ ಹಿಡಿಯಿತು, ಎಡಬದಿಯ ಹಿಂದಿನ ಚಕ್ರದ ಕಮಾನಿನಲ್ಲಿ ಮಾತ್ರ ಸ್ವಲ್ಪ ದುರ್ಬಲವಾಗಿ. "ಅಲ್ಲಿ ನಾನೇ ತೇಪೆ ಹಾಕಿಸಿದ್ದೇನೆ, ಕಡತದಲ್ಲಿ ಫೋಟೊ ಇದೆ" ಎಂದು ಅವರು ನಾನು ಕೇಳುವ ಮೊದಲೇ ಹೇಳಿದರು. ಫೋಟೊ ಇತ್ತು. ಕೊಳೆತ ಭಾಗವನ್ನು ಕತ್ತರಿಸಿ ತೆಗೆದದ್ದು, ಹೊಸ ತಗಡನ್ನು ಬೆಸೆದದ್ದು, ಬಣ್ಣ ಬಳಿಯುವ ಮುನ್ನದ ಬರಿಯ ಲೋಹ, ಎಲ್ಲವೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ದೋಷವಿಲ್ಲದ ಕಾರಿಗಿಂತ ದೋಷವನ್ನು ಬರೆದಿಟ್ಟ ಕಾರು ಮೇಲೆಂದು ನನಗೆ ಅನ್ನಿಸಿದ್ದು ಆಗ.

ಓಡಿಸಿ ನೋಡುವಾಗ ಎರಡನೆಯ ಗೇರಿಗೆ ಹಾಕಿದರೆ ಮೊದಲ ಕೆಲವು ನಿಮಿಷ ಕರಕರ ಎಂದಿತು. ಗೇರ್‌ಬಾಕ್ಸ್ ತಣ್ಣಗಿರುವಾಗ ಈ ಕಾರುಗಳ ಎರಡನೆಯ ಗೇರು ಒರಟಾಗಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಿಸಿಯಾದ ಮೇಲೆ ಅದು ಸರಿಹೋಯಿತು. ಮರುದಿನ ಅವರ ಅನುಮತಿ ಪಡೆದು ಕಾರನ್ನು ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಲ್ಲಿಗೆ ಒಯ್ದು, ಮೇಲಕ್ಕೆತ್ತಿಸಿ, ನಾಲ್ಕೂ ಸಿಲಿಂಡರುಗಳ ಒತ್ತಡ ಅಳೆಸಿದೆ. ಇಲ್ಲಿ ಒಟ್ಟು ಅಂಕಿಗಿಂತಲೂ ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು ನೋಡುವುದು ಮುಖ್ಯ. ನಾಲ್ಕರಲ್ಲಿ ಒಂದು ಮಾತ್ರ ತೀರ ಕಡಿಮೆಯಿದ್ದರೆ ಅಲ್ಲಿ ಪಿಸ್ಟನ್ ರಿಂಗೋ ವಾಲ್ವೋ ಸೋರುತ್ತಿದೆ ಎಂದರ್ಥ. ನಾಲ್ಕೂ ಒಂದಕ್ಕೊಂದು ಹತ್ತಿರವಿದ್ದವು. ಎಂಜಿನ್ನಿನ ಹಿಂಭಾಗದಲ್ಲಿ, ವಾಲ್ವುಗಳನ್ನು ತೆರೆಯುವ ಶಾಫ್ಟಿನ ಸ್ಥಾನವನ್ನು ಗುರುತಿಸುವ ಕ್ಯಾಮ್ ಸೆನ್ಸರಿನ ಬುಡದ ರಬ್ಬರ್ ಉಂಗುರ ಗಟ್ಟಿಯಾಗಿ ಆಯಿಲ್ ಜಿನುಗುತ್ತಿತ್ತು. ಉಂಗುರದ ಬೆಲೆ ಅತ್ಯಲ್ಪ, ಆದರೆ ಅದಿರುವ ಇಕ್ಕಟ್ಟಿಗೆ ಕೈ ತೂರಿಸಿ ಬದಲಿಸುವುದು ತಾಳ್ಮೆಯ ಕೆಲಸ. ಹಳೆಯ ಕಾರಿನಲ್ಲಿ ಹೀಗೆ ಬಹಳಷ್ಟು ಸಲ ಭಾಗದ ಬೆಲೆಗೂ ಕೂಲಿಗೂ ಸಂಬಂಧವೇ ಇರುವುದಿಲ್ಲ.

ಕೊಂಡ ದಿನ ಆ ಹಿರಿಯರು ನನಗೆ ಛಾವಣಿ ಇಳಿಸುವುದನ್ನು ಕಲಿಸಿದರು. ಹಿಂದಿನ ಕಿಟಕಿ ಗಾಜಿನದಲ್ಲ, ಪಾರದರ್ಶಕ ಪ್ಲಾಸ್ಟಿಕ್ಕಿನದು; ಮೊದಲು ಅದರ ಸುತ್ತಲಿನ ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಬೇಕು, ಆಮೇಲೆ ಛಾವಣಿ ಮಡಚಬೇಕು. ಹಾಗೆ ಮಾಡದೆ ಅವಸರದಲ್ಲಿ ಹಿಂದಕ್ಕೆ ಎಸೆದರೆ ಪ್ಲಾಸ್ಟಿಕ್ ಮಡಿಕೆ ಬಿದ್ದು ಬಿಳಿಚಿಕೊಳ್ಳುತ್ತದೆ, ಚಳಿಯಲ್ಲಂತೂ ಬಿರಿಯುತ್ತದೆ. ಅವರು ಅದನ್ನು ಮೂರು ಸಲ ಮಾಡಿ ತೋರಿಸಿ, ನಾಲ್ಕನೆಯ ಸಲ ನನ್ನಿಂದ ಮಾಡಿಸಿದರು.

ಮೊದಲ ತಿಂಗಳಲ್ಲಿ ನಾನು ಕಾರನ್ನು ಓಡಿಸಿದ್ದಕ್ಕಿಂತ ಅದರ ದ್ರವಗಳನ್ನು ಬದಲಿಸಿದ್ದೇ ಹೆಚ್ಚು. ಕಡತ ಎಷ್ಟೇ ನಂಬಿಕಸ್ತವಾಗಿದ್ದರೂ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಮತ್ತು ಕ್ಲಚ್ಚಿನ ದ್ರವ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ಲಿನ ಆಯಿಲುಗಳನ್ನು ಒಮ್ಮೆ ಹೊಸದಾಗಿ ತುಂಬಿಸಿದರೆ ಅಲ್ಲಿಂದ ಮುಂದಿನ ಲೆಕ್ಕ ನಮ್ಮದಾಗುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ನೀರು ಸೇರಿದ ದ್ರವ ಬೇಗ ಕುದಿಯುತ್ತದೆ, ಒಳಗಿನ ಲೋಹವನ್ನೂ ತಿನ್ನುತ್ತದೆ. ಆದ್ದರಿಂದ ಕಾರು ಓಡದೆ ನಿಂತಿದ್ದರೂ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಗೇರ್‌ಬಾಕ್ಸಿಗೆ ಹಾಕುವ ಆಯಿಲಿನ ಡಬ್ಬಿಯ ಮೇಲೆ ಜಿಎಲ್-4 ಎಂಬ ದರ್ಜೆ ಇದ್ದರೆ ಒಳ್ಳೆಯದು. ಡಿಫರೆನ್ಷಿಯಲ್ಲಿಗೆ ಒಳ್ಳೆಯದಾದ ಜಿಎಲ್-5 ಆಯಿಲಿನಲ್ಲಿರುವ ಗಂಧಕದ ಸಂಯುಕ್ತಗಳು ಗೇರ್‌ಬಾಕ್ಸಿನ ಹಿತ್ತಾಳೆ ಉಂಗುರಗಳಿಗೆ ಆಗಿಬರದಿರಬಹುದು. ಹೊಸ ಆಯಿಲ್ ಬಿದ್ದ ಮೇಲೆ ಎರಡನೆಯ ಗೇರಿನ ಒರಟುತನ ಅರ್ಧಕ್ಕಿಳಿಯಿತು. ಟಯರುಗಳ ಗೆರೆಗಳು ಆಳವಾಗಿಯೇ ಇದ್ದವು, ಆದರೆ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಿದಾಗ ಅವು ಹನ್ನೊಂದು ವರ್ಷ ಹಳೆಯವೆಂದು ತಿಳಿಯಿತು. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ವರ್ಷ. ಕಡಿಮೆ ಓಡುವ ಕಾರುಗಳಲ್ಲಿ ಟಯರು ಸವೆಯುವುದಕ್ಕೆ ಮುಂಚೆಯೇ ಮುಪ್ಪಾಗುತ್ತದೆ, ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ನಾಲ್ಕನ್ನೂ ಬದಲಿಸಿದೆ, ತಯಾರಕರು ಹೇಳಿದ 14 ಇಂಚಿನ ಚಕ್ರಕ್ಕೆ ಒಪ್ಪುವ ಅಳತೆಯಲ್ಲಿಯೇ.

ಟೈಮಿಂಗ್ ಬೆಲ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸುಮಾರು 96,000 ಕಿ.ಮೀ.ಗೆ ಒಮ್ಮೆ ಬದಲಿಸಬೇಕೆಂದಿದೆ, ಈ 1.6 ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೂ ವಾಲ್ವುಗಳು ಪಿಸ್ಟನ್ನುಗಳಿಗೆ ತಾಗದಿರುವುದು ಒಂದು ಸಮಾಧಾನ. ಬೆಲ್ಟ್ ಬಿಚ್ಚಿದಾಗಲೇ ವಾಟರ್ ಪಂಪನ್ನೂ ಬದಲಿಸಿದರೆ ಅದೇ ಕೂಲಿಯಲ್ಲಿ ಮುಗಿಯುತ್ತದೆ.

ಕೊಂಡು ಮೂರು ತಿಂಗಳಾದ ಮೇಲೆ ಒಂದು ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ ಬಾಗಿಲು ತೆರೆದರೆ ಸೀಟಿನ ಹಿಂದಿನ ಕಾರ್ಪೆಟ್ ಒದ್ದೆ. ತೂಬುಗಳ ಬಗ್ಗೆ ಇಷ್ಟೆಲ್ಲ ತಿಳಿದಿದ್ದ ನಾನು ಅವುಗಳನ್ನು ಒಮ್ಮೆಯೂ ಶುಚಿಮಾಡಿರಲಿಲ್ಲ. ಹಿಂದಿನವರು ಮಾಡುತ್ತಿದ್ದರೆಂದು ಸುಮ್ಮನಿದ್ದೆ. ಮೆತ್ತನೆಯ ಪ್ಲಾಸ್ಟಿಕ್ ನಳಿಕೆಯನ್ನು ನಿಧಾನವಾಗಿ ಇಳಿಸಿದಾಗ ಕಪ್ಪು ಕೆಸರಿನ ಗಡ್ಡೆಯೊಂದು ಚಕ್ರದ ಮುಂದೆ ಬಿತ್ತು, ಅದರ ಹಿಂದೆ ನೀರು ಧಾರೆಯಾಗಿ ಹರಿಯಿತು. ಗಟ್ಟಿಯಾದ ತಂತಿಯನ್ನು ಅಲ್ಲಿ ತೂರಿಸಬಾರದು, ಒಳಗಿನ ಕೊಳವೆ ಹರಿದರೆ ನೀರು ನೇರವಾಗಿ ಒಡಲೊಳಗೆ ಇಳಿಯುತ್ತದೆ. ಸೀಟುಗಳನ್ನೂ ಕಾರ್ಪೆಟ್ಟನ್ನೂ ತೆಗೆದು, ನಾಲ್ಕು ದಿನ ಒಣಗಿಸಿ, ನೆಲದ ಲೋಹವನ್ನು ಬೆಳಕಿನಲ್ಲಿ ನೋಡಿದೆ. ತುಕ್ಕು ಹತ್ತಿರಲಿಲ್ಲ. ಅಂದಿನಿಂದ ತಿಂಗಳ ಮೊದಲ ದಿನ ತೂಬಿಗೆ ಒಂದು ಲೋಟ ನೀರು ಸುರಿದು, ಅದು ಕೆಳಗೆ ಬೀಳುವುದನ್ನು ನೋಡುವುದು ನನ್ನ ರೂಢಿ.

ಮುಂದಿನ ಪೆಟ್ಟು ಕ್ಲಚ್ಚಿನಿಂದ ಬಂತು. ಒಂದು ಸಂಜೆ ಪೆಡಲು ಒತ್ತಿದರೆ ಅದು ನೆಲಕ್ಕೆ ಹೋಗಿ ಅಲ್ಲಿಯೇ ಉಳಿಯಿತು. ಗೇರ್‌ಬಾಕ್ಸಿನ ಪಕ್ಕದಲ್ಲಿ ಕೆಳಗಿರುವ, ಪೆಡಲಿನಿಂದ ಬರುವ ದ್ರವದ ಒತ್ತಡದಲ್ಲಿ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯನ್ನು ಎತ್ತಿದರೆ ಒಳಗೆಲ್ಲ ದ್ರವ. ರಬ್ಬರ್ ಸೀಲಿಗೆ ವಯಸ್ಸಾದರೆ ಹೀಗಾಗುವುದು ಸಹಜ. ಎರಡು ಬೋಲ್ಟು ಮತ್ತು ಒಂದು ಕೊಳವೆ ಬಿಚ್ಚಿದರೆ ಹಳೆಯದು ಕೈಗೆ ಬರುತ್ತದೆ, ಆಮೇಲೆ ಗಾಳಿ ತೆಗೆಯಲು ಪೆಡಲು ಒತ್ತುವವರೊಬ್ಬರು ಬೇಕು. ನನ್ನ ತಮ್ಮ ಪೆಡಲು ಒತ್ತಲು ಕುಳಿತ. ಆ ಕೆಲಸವನ್ನು ಸ್ವಂತ ಕೈಯಿಂದ ಮುಗಿಸಿದ ಮೇಲೆ ಕಾರು ನನ್ನದಾಯಿತು ಎಂಬ ಭಾವನೆ ಬಂತು, ಹಣ ಕೊಟ್ಟ ದಿನ ಬಂದಿರಲಿಲ್ಲ.

ಎಲ್ಲ ಕೆಲಸವನ್ನೂ ನಾವೇ ಮಾಡಲಾಗದು. ಬೇರೆಯವರ ಕೈಗೆ ಕೊಡುವಾಗ ಎದುರಿಗೆ ನಿಲ್ಲುವುದು ಒಳ್ಳೆಯದು. ಒಮ್ಮೆ ಟಯರಿನ ಪಂಕ್ಚರಿಗೆಂದು ಬಿಟ್ಟುಬಂದಾಗ ಜ್ಯಾಕನ್ನು ಬಾಗಿಲಿನ ಕೆಳಗಿನ ಅಂಚಿಗೆ, ಬಲಪಡಿಸಿದ ಜಾಗ ಬಿಟ್ಟು ನಡುವೆ ಕೊಟ್ಟು ಎತ್ತಿಬಿಟ್ಟಿದ್ದರು. ಅಂಚು ಬಾಗಿ, ಅದರ ಮೇಲಿನ ರಕ್ಷಣೆಯ ಲೇಪ ಒಡೆದಿತ್ತು. ತುಕ್ಕಿಗೆ ಇಂಥ ಒಂದು ಬಾಗಿಲು ತೆರೆದರೆ ಸಾಕು. ಅದನ್ನು ನೆಟ್ಟಗೆ ಮಾಡಿಸಿ, ಉಜ್ಜಿ, ಪ್ರೈಮರ್ ಹಚ್ಚಿ, ಒಳಗಿನ ಟೊಳ್ಳಿಗೆ ಮೇಣದಂಥ ಲೇಪವನ್ನು ಸಿಂಪಡಿಸಲು ಒಂದು ವಾರಾಂತ್ಯ ಹಿಡಿಯಿತು. ಈಗ ಕಾರನ್ನು ಎಲ್ಲಿಗೆ ಕೊಟ್ಟರೂ ಜ್ಯಾಕ್ ಕೊಡಬೇಕಾದ ಜಾಗಗಳ ಚಿತ್ರ ಬರೆದ ಚೀಟಿಯನ್ನು ಸ್ಟೀರಿಂಗಿಗೆ ಅಂಟಿಸಿ ಕೊಡುತ್ತೇನೆ.

ಈ ಕಾರಿನ ಗುಟ್ಟು ಸಸ್ಪೆನ್ಷನ್ನಿನಲ್ಲಿದೆ ಎಂಬುದನ್ನು ನಾನು ತಡವಾಗಿ ತಿಳಿದೆ. ನಾಲ್ಕೂ ಚಕ್ರಗಳನ್ನು ಮೇಲೊಂದು ಕೆಳಗೊಂದು ತೋಳುಗಳು ಹಿಡಿದಿವೆ, ಮತ್ತು ಕೆಳಗಿನ ತೋಳುಗಳ ಬುಡದಲ್ಲಿರುವ ವಿಶೇಷ ಬೋಲ್ಟುಗಳನ್ನು ತಿರುಗಿಸಿ ಪ್ರತಿಯೊಂದು ಚಕ್ರದ ಓರೆಯನ್ನೂ ಹೊಂದಿಸಬಹುದು. ಮೂವತ್ತು ವರ್ಷ ತಿರುಗದ ಆ ಬೋಲ್ಟುಗಳು ತೋಳಿನೊಳಗಿನ ಲೋಹದ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ನನ್ನ ಕಾರಿನ ಎಂಟರಲ್ಲಿ ಮೂರು ಹಂದಾಡಲಿಲ್ಲ. ಒಂದನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಹೊಸ ಬೋಲ್ಟು, ತೋಳುಗಳ ಕೀಲಿಗೆ ಹೊಸ ರಬ್ಬರ್ ಬುಷ್‌ಗಳನ್ನು ಹಾಕಿ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ ದಿನ ಕಾರು ಬೇರೆಯದೇ ಆಗಿತ್ತು. ಹಳೆಯ ಸ್ಪೋರ್ಟ್ಸ್ ಕಾರನ್ನು ಓಡಿಸಿ "ಇಷ್ಟೇನಾ?" ಎಂದು ನಿರಾಶರಾದವರು ಬಹುಶಃ ಓಡಿಸಿದ್ದು ಬುಷ್‌ಗಳು ಸತ್ತ, ಚಕ್ರಗಳು ನಾಲ್ಕು ದಿಕ್ಕಿಗೆ ನೋಡುವ ಕಾರನ್ನು. ಹೆಚ್ಚು ಶಕ್ತಿಯ ಎಂಜಿನ್ನಿಗೆ, ಜೋರು ಸದ್ದಿನ ಸೈಲೆನ್ಸರಿಗೆ ಹಣ ಹಾಕುವ ಮುನ್ನ ಇರುವ ಸಸ್ಪೆನ್ಷನ್ನನ್ನು ಮೊದಲಿನ ಸ್ಥಿತಿಗೆ ತರಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ತಯಾರಕರೇ 2018ರಲ್ಲಿ ಜಪಾನಿನಲ್ಲಿ ಈ ಮೊದಲ ತಲೆಮಾರಿನ ಕಾರುಗಳ ಪುನರುಜ್ಜೀವನದ ಕೆಲಸ ಆರಂಭಿಸಿ, ನಿಂತುಹೋಗಿದ್ದ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸಿದ್ದು ನನ್ನಂಥವರಿಗೆ ಎಷ್ಟು ಧೈರ್ಯ ಕೊಟ್ಟಿತೆಂದು ಹೇಳಲಾರೆ.

ಇಷ್ಟೆಲ್ಲ ದುಡಿದದ್ದಕ್ಕೆ ಸಿಗುವುದೇನೆಂದರೆ, ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ ಒಂದು ಗಂಟೆ. ಛಾವಣಿ ಇಳಿದಿರುತ್ತದೆ, ಗೇರಿನ ಕೋಲು ಮಣಿಕಟ್ಟಿನ ಸಣ್ಣ ಚಲನೆಗೆ ಖಟ್ಟೆಂದು ತನ್ನ ಮನೆ ಸೇರುತ್ತದೆ, ತಿರುವಿನೊಳಗೆ ಮೂತಿ ತಿರುಗಿದ ಬೆನ್ನಿಗೇ ನಮ್ಮ ಸೊಂಟದ ಕೆಳಗಿನಿಂದ ಕಾರಿನ ಹಿಂಭಾಗವೂ ಹಿಂಬಾಲಿಸುವುದು ತಿಳಿಯುತ್ತದೆ. ಅದಕ್ಕಾಗಿ ಜೋರಾಗಿ ಹೋಗಬೇಕಿಲ್ಲ. ಗಂಟೆಗೆ 60 ಕಿ.ಮೀ.ನಲ್ಲಿಯೇ ಎಂಜಿನ್ನನ್ನು ಪೂರ್ತಿ ದುಡಿಸಬಹುದು, ಟಯರು ರಸ್ತೆಯನ್ನು ಹಿಡಿದಿರುವುದನ್ನು ಅಂಗೈಯಲ್ಲಿ ಓದಬಹುದು. ದೊಡ್ಡ ಶಕ್ತಿಯ ಹೊಸ ಕಾರಿನಲ್ಲಿ ಈ ಅನುಭವ ಶುರುವಾಗುವ ಹೊತ್ತಿಗೆ ವೇಗದ ಮಿತಿ ಎಂದೋ ದಾಟಿರುತ್ತದೆ. ರಾತ್ರಿಯಾದರೆ ಬಾನೆಟ್ಟಿನಿಂದ ಎರಡು ದೀಪಗಳು ಎದ್ದು ನಿಲ್ಲುತ್ತವೆ, ಮತ್ತು ರಸ್ತೆಬದಿಯ ಮಕ್ಕಳು ಕೈಬೀಸುತ್ತಾರೆ. ಆದರೂ ಒಂದು ಮಾತನ್ನು ಮರೆಯಬಾರದು: ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ, ಬಾಗಿಲು ತೆಳು. ಅದಕ್ಕಾಗಿಯೇ ಜನಸಂದಣಿಯ ಹೆದ್ದಾರಿಗೆ ನಾನು ಇದನ್ನು ಒಯ್ಯುವುದಿಲ್ಲ. ದಿನದ ಓಡಾಟಕ್ಕೆ ಬೇರೊಂದು ವಾಹನ ಇಲ್ಲದವರು ಇಂಥ ಕಾರನ್ನು ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ರಿಪೇರಿಗೆ ಎರಡು ವಾರ ನಿಂತರೂ ನಮಗೆ ಕೋಪ ಬಾರದಂತಿದ್ದರೆ ಮಾತ್ರ ಅದರ ಮೇಲಿನ ಪ್ರೀತಿ ಉಳಿಯುತ್ತದೆ.

ಕಳೆದ ತಿಂಗಳು ಆ ಹಿರಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಬೇಕೆನ್ನಿಸಿ ಅವರ ಮನೆಗೆ ಹೋದೆ. ಇಳಿದು ಕೂರಲು ಕಷ್ಟವಾದರೂ ಬಂದರು. ನಾನು ಛಾವಣಿಯ ಕೊಂಡಿಗಳತ್ತ ಕೈಚಾಚುವ ಮೊದಲೇ ಅವರ ಕೈ ತಾನಾಗಿ ಹಿಂದಕ್ಕೆ ಹೋಗಿ ಕಿಟಕಿಯ ಜಿಪ್ ಬಿಚ್ಚತೊಡಗಿತ್ತು. ದಾರಿಯಲ್ಲಿ ಅವರು ಬಹಳ ಮಾತಾಡಲಿಲ್ಲ. ನನ್ನ ಎಡಗಾಲನ್ನೂ ಗೇರಿನ ಕೋಲನ್ನೂ ನೋಡುತ್ತಿದ್ದರು. ಸುಮಾರು ಹೊತ್ತಿನ ಮೇಲೆ, "ಕಾಲಿಗೆ ಬಿಸಿ ಗಾಳಿ ಬರುತ್ತಿದೆಯಲ್ಲ, ಗೇರಿನ ಬುಡದ ರಬ್ಬರ್ ಹರಿದಿದೆ. ಅದನ್ನು ಬಿಚ್ಚಿದಾಗ ಅಲ್ಲಿಯ ಚಿಕ್ಕ ಗುಂಡಿಗೂ ಹೊಸ ಆಯಿಲ್ ಹಾಕಿ" ಎಂದರು. ಆಮೇಲೆ, "ಕ್ಲಚ್ಚಿನ ಸ್ಲೇವ್ ಮಾತ್ರ ಬದಲಿಸಿದಿರೋ, ಮಾಸ್ಟರನ್ನೂ ಬದಲಿಸಿದಿರೋ?" ಎಂದು ಕೇಳಿದರು. ಪೆಡಲಿನ ಒತ್ತಡವನ್ನು ದ್ರವಕ್ಕೆ ದಾಟಿಸುವ ಮೇಲಿನ ಸಿಲಿಂಡರೇ ಮಾಸ್ಟರ್. ಸ್ಲೇವ್ ಮಾತ್ರ ಎಂದೆ. ಹೊಸ ಸೀಲಿನ ಬಿಗಿಗೆ ಹಳೆಯ ಸೀಲು ಹೆಚ್ಚು ದಿನ ತಡೆಯುವುದಿಲ್ಲವೆಂದೂ, ಪೆಡಲಿನ ಮೇಲ್ಭಾಗದಲ್ಲಿ ಬೆರಳಿಟ್ಟು ಒದ್ದೆಯಿದೆಯೇ ನೋಡಬೇಕೆಂದೂ ಹೇಳಿದರು. ಮನೆಗೆ ಬಂದು ಬೆರಳಿಟ್ಟು ನೋಡಿದೆ, ಸ್ವಲ್ಪ ಒದ್ದೆಯಿತ್ತು. ಕಡತದ ಕೊನೆಯ ಹಾಳೆಯಲ್ಲಿ ಅವರ ಪೆನ್ಸಿಲಿನ ಸಾಲುಗಳ ಕೆಳಗೆ ದಿನಾಂಕ ಮತ್ತು ಕಿಲೋಮೀಟರ್ ಬರೆದು, ಮಾಸ್ಟರ್ ಸಿಲಿಂಡರ್ ಮತ್ತು ಗೇರಿನ ರಬ್ಬರಿಗೆ ಆರ್ಡರ್ ಕೊಟ್ಟಿದ್ದೇನೆ.